ರೇಷ್ಮೆಯಿಂದ ನ್ಯಾನೋ ಎಳೆ ತೆಗೆಯಲು ಹೋದರೆ ಬರೀ ಮಣಿ ಬರುತ್ತಿದೆ, ಎಲ್ಲಿ ತಪ್ಪುತ್ತಿದೆ?

ಹೆಸರಘಟ್ಟ ರಸ್ತೆ
ಆಗಸ್ಟ್ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎಂ.ಟೆಕ್ ಎರಡನೇ ವರ್ಷ ಓದುತ್ತಿದ್ದೇನೆ, ಬಯೋಟೆಕ್ನಾಲಜಿ. ಪ್ರಾಜೆಕ್ಟ್ ಏನೆಂದರೆ ರೇಷ್ಮೆ ಗೂಡಿನ ಫೈಬ್ರೋಯಿನ್ ಪ್ರೋಟೀನ್ ಕರಗಿಸಿ, ಹೆಚ್ಚಿನ ವೋಲ್ಟೇಜ್ ಕೊಟ್ಟು ಸೂಜಿಯಿಂದ ದ್ರಾವಣವನ್ನು ಎಳೆಯಾಗಿ ಫಾಯಿಲ್ ಮೇಲೆ ಬೀಳಿಸುವ ಎಲೆಕ್ಟ್ರೋಸ್ಪಿನ್ನಿಂಗ್‌ನಲ್ಲಿ ತೆಳ್ಳಗಿನ ಚಾಪೆ ತರಹ ತೆಗೆದು, ಅದರ ಮೇಲೆ ಚರ್ಮದ ಜೀವಕೋಶ ಬೆಳೆಸಬೇಕು. ಸುಟ್ಟ ಗಾಯಕ್ಕೆ ಮುಂದೆ ಯಾವತ್ತಾದರೂ ಆಗಿ ಬರುವಂಥ ಸ್ಕ್ಯಾಫೋಲ್ಡ್, ಅಂದರೆ ಜೀವಕೋಶ ಬೆಳೆಯಲು ಆಸರೆಯ ಹಂದರ. ಈ ವಿಷಯ ನಾನೇ ಕೇಳಿ ತೆಗೆದುಕೊಂಡೆ. ನಮ್ಮ ಚಿಕ್ಕಮ್ಮನ ಕೈ, ಎದೆ ಸುಟ್ಟಾಗ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಜೊತೆಗಿದ್ದೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಬದಲಿಸುವಾಗ ಗಾಯಕ್ಕೆ ಅಂಟಿದ ಬಟ್ಟೆ ಬಿಡಿಸುತ್ತಿದ್ದರು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಈಗ ಸಮಸ್ಯೆಗೆ ಬರುತ್ತೇನೆ. ಎರಡು ತಿಂಗಳಾಯಿತು, ಒಂದು ಒಳ್ಳೆಯ ಚಾಪೆ ಬಂದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಅಂದರೆ ಎಸ್‌ಇಎಂನಲ್ಲಿ ನೋಡಿದರೆ ಇಬ್ಬನಿ ಬಿದ್ದ ಜೇಡರ ಬಲೆ ಇದ್ದ ಹಾಗೆ ಕಾಣುತ್ತದೆ. ಸಣ್ಣ ಎಳೆ, ಅದರ ಮೇಲೆಲ್ಲ ಮಣಿ ಮಣಿ. ಕೆಲವು ಕಡೆ ಎಳೆಯೇ ಇಲ್ಲ, ಬರೀ ಹನಿ ಬಿದ್ದು ಒಣಗಿದ ಗುರುತು.

ನಾನು ಮಾಡಿದ್ದು ಇಷ್ಟು. 5 ಗ್ರಾಂ ಗೂಡು ಕತ್ತರಿಸಿ, 2 ಲೀಟರ್ ನೀರಿಗೆ 0.02 ಮೋಲಾರ್ ಆಗುವಷ್ಟು ಸೋಡಿಯಂ ಕಾರ್ಬೊನೇಟ್ ಹಾಕಿ ಒಂದೂವರೆ ಗಂಟೆ ಕುದಿಸಿದೆ. ರೇಷ್ಮೆ ಎಳೆಯ ಮೇಲಿನ ಸೆರಿಸಿನ್ ಗೋಂದು ಸ್ವಲ್ಪವೂ ಉಳಿಯಬಾರದು ಅಂತ ಅಷ್ಟು ಹೊತ್ತು. ಆಮೇಲೆ 9.3 ಮೋಲಾರ್ ಲಿಥಿಯಂ ಬ್ರೋಮೈಡ್‌ನಲ್ಲಿ 60 ಡಿಗ್ರಿಯಲ್ಲಿ 4 ಗಂಟೆ ಇಟ್ಟು ಕರಗಿಸಿದೆ. ಆ ಉಪ್ಪು ಹೊರಗೆ ಹೋಗಲಿ ಅಂತ ಮೂರು ದಿನ ಡಯಾಲಿಸಿಸ್, ಮೊದಲೆರಡು ದಿನ ಕಾರಿಡಾರಿನ ಫಿಲ್ಟರ್ ನೀರು, ಕೊನೆಯ ದಿನ ಡಿಸ್ಟಿಲ್ಡ್. ಕೊನೆಗೆ ಸಿಕ್ಕಿದ್ದು ಸುಮಾರು 5 ಶೇಕಡ ದ್ರಾವಣ. ಅದಕ್ಕೆ ಪಿಇಒ ಅನ್ನುವ, ನೀರಿನಲ್ಲಿ ಕರಗುವ ಕೃತಕ ಪಾಲಿಮರ್ ತೀರ ಸ್ವಲ್ಪ ಸೇರಿಸಿದೆ, ಯಾಕೆಂದರೆ ನಮ್ಮ ಗೈಡ್‌ಗೆ ಆದಷ್ಟು ನೈಸರ್ಗಿಕ ಪಾಲಿಮರೇ ಇರಬೇಕು. ಮೆಷಿನ್ 18 ಕಿಲೋವೋಲ್ಟ್, ಸೂಜಿಯಿಂದ ಫಾಯಿಲ್‌ಗೆ 12 ಸೆಂಟಿಮೀಟರ್, ಗಂಟೆಗೆ 1 ಮಿಲಿಲೀಟರ್. ವೋಲ್ಟೇಜ್ 25ಕ್ಕೆ ಏರಿಸಿ ನೋಡಿದೆ, ಇನ್ನೂ ಕೆಟ್ಟದಾಯಿತು. ದೂರ ಬದಲಿಸಿದೆ, ಸೂಜಿ ಬದಲಿಸಿದೆ. ಮೆಷಿನ್ ಹಳೆಯದು, ಅದರದ್ದೇ ದೋಷ ಅಂತ ಲ್ಯಾಬಿನಲ್ಲಿ ಹೇಳುತ್ತಿದ್ದಾರೆ. ಹೌದಾ? ಡಿಸೆಂಬರ್‌ಗೆ ವರದಿ ಕೊಡಬೇಕು. ದಯವಿಟ್ಟು ಯಾರಾದರೂ ಹೇಳಿ.


ಯಶವಂತಪುರ ಸಿರಿಂಜ್
ಆಗಸ್ಟ್ 10, ಬೆಳಿಗ್ಗೆ 7:15

ಮೇಡಂ, ಮೊದಲು ವೋಲ್ಟೇಜ್ ತಿರುಗಿಸುವುದನ್ನು ನಿಲ್ಲಿಸಿ. ತಪ್ಪು ಮೆಷಿನ್‌ನಲ್ಲಿ ಇಲ್ಲ, ಕುದಿಸುವ ಪಾತ್ರೆಯಲ್ಲಿದೆ. ನಾನು ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಮೊದಲ ವರ್ಷ ಪೂರ್ತಿ ನಿಮ್ಮ ಹಾಗೆಯೇ ಮೆಷಿನ್ ಜೊತೆ ಗುದ್ದಾಡಿದೆ.

ಒಂದೂವರೆ ಗಂಟೆ ಕುದಿಸಿದಿರಿ ಅಲ್ವಾ, ಅಲ್ಲೇ ಕಥೆ ಮುಗಿಯಿತು. ಫೈಬ್ರೋಯಿನ್‌ನ ದೊಡ್ಡ ಸರಪಳಿ ಸುಮಾರು 390 ಕಿಲೋಡಾಲ್ಟನ್ (ಅಣುತೂಕದ ಅಳತೆ) ತೂಗುತ್ತದೆ. ಸೋಡಾ ನೀರಿನಲ್ಲಿ ಕುದಿಸಿದಷ್ಟು ಹೊತ್ತೂ ಆ ಸರಪಳಿ ತುಂಡು ತುಂಡಾಗುತ್ತಾ ಹೋಗುತ್ತದೆ. ಗೋಂದು ಹೋಗುವುದು ಮೊದಲ ಅರ್ಧ ಗಂಟೆಯಲ್ಲಿ. ಅದಾದ ಮೇಲೆ ನೀವು ಕುದಿಸುತ್ತಿರುವುದು ರೇಷ್ಮೆಯನ್ನೇ.

ಸರಪಳಿ ಗಿಡ್ಡವಾದರೆ ಏನು ತೊಂದರೆ? ಮನೆಯಲ್ಲಿ ಮೈಸೂರು ಪಾಕಿಗೆ ಸಕ್ಕರೆ ಪಾಕ ಇಟ್ಟಾಗ ಅಮ್ಮ ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಒಂದು ಹನಿ ತೆಗೆದು ಎರಡು ಬೆರಳ ನಡುವೆ ಒತ್ತಿ ಬಿಡಿಸಿ ನೋಡುತ್ತಾರೆ. ಎಳೆ ಬಂದರೆ ಪಾಕ ಬಂತು, ಇಲ್ಲವಾದರೆ ಇನ್ನೂ ನೀರು. ಇಲ್ಲೂ ಹಾಗೆಯೇ, ಆದರೆ ಕಾರಣ ಬೇರೆ. ಉದ್ದ ಸರಪಳಿಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿದ್ದರೆ ಮಾತ್ರ ಸೂಜಿಯಿಂದ ಹೊರಟ ಧಾರೆ ತುಂಡಾಗದೆ ಎಳೆಯಾಗಿ ಹಿಗ್ಗುತ್ತದೆ. ಸಿಕ್ಕು ಸಾಲದಿದ್ದರೆ ಮೇಲ್ಮೈ ಸೆಳೆತ ಗೆಲ್ಲುತ್ತದೆ, ಧಾರೆಯನ್ನು ಹನಿಯಾಗಿ ಎಳೆದುಕೊಳ್ಳುತ್ತದೆ. ನಿಮ್ಮ ಮಣಿ ಅದೇ. ವೋಲ್ಟೇಜ್ ಎಷ್ಟು ಏರಿಸಿದರೂ ಇಲ್ಲದ ಸಿಕ್ಕು ಹುಟ್ಟುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ನೀರು ಜೋರಾಗಿ ಕುದಿ ಬಂದ ಮೇಲೆ ಗೂಡು ಹಾಕಿ, ಗಡಿಯಾರ ನೋಡಿಕೊಂಡು ಸರಿಯಾಗಿ 30 ನಿಮಿಷಕ್ಕೆ ತೆಗೆಯಿರಿ. ತೆಗೆದ ತಕ್ಷಣ ತಣ್ಣೀರು. ಮೂರು ಸಲ ಇಪ್ಪತ್ತಿಪ್ಪತ್ತು ನಿಮಿಷ ತೊಳೆಯಿರಿ. ಹಿಂಡಿ, ಹರಡಿ, ರಾತ್ರಿಯೆಲ್ಲ ಒಣಗಿಸಿ ತೂಗಿ. 5 ಗ್ರಾಂ ಇದ್ದದ್ದು 3.6 ರಿಂದ 3.8ಕ್ಕೆ ಇಳಿದಿದ್ದರೆ ಗೋಂದು ಹೋಯಿತು ಅಂತ ಲೆಕ್ಕ. 4.5 ಇದ್ದರೆ ಹೋಗಿಲ್ಲ. 3.2ಕ್ಕೆ ಇಳಿದರೆ ಫೈಬ್ರೋಯಿನ್ ಕೂಡ ಹೋಗಿದೆ. ತಕ್ಕಡಿ ಇರುವಾಗ ಊಹೆ ಯಾಕೆ?

ಲಿಥಿಯಂ ಬ್ರೋಮೈಡ್ ಹಂತ ಸರಿ ಇದೆ. ಅದು ದುಬಾರಿ ಅಂತ ಕೆಲವರು ಕ್ಯಾಲ್ಸಿಯಂ ಕ್ಲೋರೈಡ್, ಎಥನಾಲ್, ನೀರಿನ ಮಿಶ್ರಣ ಬಳಸುತ್ತಾರೆ. ಕರಗುತ್ತದೆ, ದುಡ್ಡೂ ಉಳಿಯುತ್ತದೆ, ಆದರೆ ಸರಪಳಿ ಇನ್ನಷ್ಟು ತುಂಡಾಗುತ್ತದೆ. ನಿಮಗೆ ಬೇಡ. ಡಯಾಲಿಸಿಸ್‌ಗೆ ಮೊದಲಿನಿಂದಲೂ ಡಿಸ್ಟಿಲ್ಡ್ ನೀರೇ ಬಳಸಿ. ಎರಡು ದಿನದಲ್ಲಿ ಆರು ಸಲ ಬದಲಿಸಿದರೆ ಸಾಕು.

ಪಿಇಒ ವಿಷಯ. ಇದರಲ್ಲಿ ಜಿಪುಣತನ ಮಾಡಬೇಡಿ. 9 ಲಕ್ಷ ಅಣುತೂಕದ ಪಿಇಒ 5 ಶೇಕಡ ದ್ರಾವಣ ಒಂದು ಪಾಲು, 7-8 ಶೇಕಡ ರೇಷ್ಮೆ ದ್ರಾವಣ ನಾಲ್ಕು ಪಾಲು. ಆಮೇಲೆ ಚಾಪೆಯನ್ನು 37 ಡಿಗ್ರಿ ನೀರಿನಲ್ಲಿ ಎರಡು ದಿನ ಇಟ್ಟರೆ ಪಿಇಒ ಬಹುಪಾಲು ಕರಗಿ ಹೊರಗೆ ಹೋಗುತ್ತದೆ, ರೇಷ್ಮೆ ಉಳಿಯುತ್ತದೆ. ಎಳೆ ತೆಗೆಯುವ ಹೊತ್ತಿಗೆ ಮಾತ್ರ ಅದು ಆಸರೆ. ಮನೆ ಕಟ್ಟುವಾಗ ಸಾರವೆ ಕಟ್ಟಿ ಆಮೇಲೆ ಬಿಚ್ಚುತ್ತಾರಲ್ಲ, ಹಾಗೆ. ನಿಮ್ಮ ಗೈಡ್‌ಗೆ ಇದನ್ನು ಹೇಳಿದರೆ ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಬೆರೆಸುವಾಗ ಮ್ಯಾಗ್ನೆಟಿಕ್ ಸ್ಟಿರರ್ ಜೋರಾಗಿ ಓಡಿಸಬೇಡಿ. ಫೈಬ್ರೋಯಿನ್ ಉಜ್ಜಾಟಕ್ಕೆ ಹೆದರುವ ಪ್ರೋಟೀನ್. ರೇಷ್ಮೆ ಹುಳು ಕೂಡ ತಲೆ ಆಡಿಸಿ ಎಳೆದೇ ಅದನ್ನು ದ್ರವದಿಂದ ದಾರ ಮಾಡುವುದು. ನೀವು ಬೀಕರಿನಲ್ಲಿ ಅದನ್ನೇ ಮಾಡಿದರೆ ಬೆಳಿಗ್ಗೆ ಬರುವಷ್ಟರಲ್ಲಿ ಜೆಲ್ ಆಗಿರುತ್ತದೆ. ಟ್ಯೂಬನ್ನು ನಿಧಾನ ಮೇಲೆ ಕೆಳಗೆ ಮಾಡಿ, ಗುಳ್ಳೆ ಬರದ ಹಾಗೆ.

ಕೊನೆಯದು ಮಳೆಗಾಲ. ಆಗಸ್ಟ್‌ನಲ್ಲಿ ಬೆಂಗಳೂರಿನ ಗಾಳಿಯಲ್ಲಿ ನೀರಿನಂಶ ಜಾಸ್ತಿ. ನಿಮ್ಮದು ನೀರಿನ ದ್ರಾವಣ, ಹಾರುವ 12 ಸೆಂಟಿಮೀಟರ್‌ನಲ್ಲಿ ಒಣಗಬೇಕು. ಒಣಗದಿದ್ದರೆ ಫಾಯಿಲ್ ಮೇಲೆ ಒದ್ದೆಯಾಗಿಯೇ ಬಿದ್ದು ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೆಟ್ಟಿಗೆ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಇಡಿ, ಒಂದು ತೇವಾಂಶ ಮೀಟರ್ ಇಡಿ. ನಮ್ಮಲ್ಲಿ 45 ಶೇಕಡ ಒಳಗೆ ಇದ್ದಾಗ ಚೆನ್ನಾಗಿ ಬಂದಿದೆ. ದೂರ 15 ಮಾಡಿ, ಹರಿವು ಗಂಟೆಗೆ 0.5ಕ್ಕೆ ಇಳಿಸಿ.

ಇದೆಲ್ಲ ಆದ ಮೇಲೆ ಟಾರ್ಚ್ ಹಿಡಿದು ಸೂಜಿ ತುದಿ ನೋಡಿ. ಹನಿ ಮೊದಲು ದುಂಡಗಿರುತ್ತದೆ. ವೋಲ್ಟೇಜ್ ನಿಧಾನ ಏರಿಸಿದಂತೆ ಅದು ಚೂಪಾಗಿ ಕೋನ್ ಆಗುತ್ತದೆ. 1964ರಲ್ಲಿ ಜೆಫ್ರಿ ಟೇಲರ್ ಲೆಕ್ಕ ಹಾಕಿ ವಿವರಿಸಿದ್ದರಿಂದ ಅದಕ್ಕೆ ಟೇಲರ್ ಕೋನ್ ಅಂತಲೇ ಹೆಸರು. ಅದರ ತುದಿಯಿಂದ ಕಂಡೂ ಕಾಣದ ಎಳೆ ಹೊರಟು, ಸ್ವಲ್ಪ ದೂರ ನೇರ ಹೋಗಿ, ಆಮೇಲೆ ಚಾಟಿ ಬೀಸಿದ ಹಾಗೆ ಸುತ್ತಲು ಶುರು ಮಾಡುತ್ತದೆ. ಆ ಸುತ್ತಾಟದಲ್ಲೇ ಎಳೆ ಮೈಕ್ರಾನ್‌ನಿಂದ ನ್ಯಾನೋಮೀಟರ್‌ಗೆ ತೆಳ್ಳಗಾಗುವುದು. ಕೋನ್ ಅಲ್ಲಾಡದೆ ನಿಂತ ವೋಲ್ಟೇಜ್ ಎಷ್ಟೋ ಅದೇ ನಿಮ್ಮ ವೋಲ್ಟೇಜ್. ಬೇರೆಯವರ ಪೇಪರಿನ ನಂಬರ್ ಅಲ್ಲ.

ಇನ್ನೊಂದು, ದಯವಿಟ್ಟು ಮರೆಯಬೇಡಿ. ಸ್ವಿಚ್ ಆರಿಸಿದ ಕೂಡಲೇ ಸೂಜಿ ಮುಟ್ಟಬೇಡಿ. ಅರ್ಥಿಂಗ್ ಕಡ್ಡಿ ತಾಗಿಸಿ, ಆಮೇಲೆ ಕೈ ಹಾಕಿ. ನಮ್ಮ ಲ್ಯಾಬಿನ ಹುಡುಗನೊಬ್ಬನಿಗೆ ಮೊಣಕೈವರೆಗೆ ಹೊಡೆದಿತ್ತು.


ಮಾಗಡಿ ಕಡೆಯವನು
ಆಗಸ್ಟ್ 10, ಮಧ್ಯಾಹ್ನ 1:05

ಇಷ್ಟೆಲ್ಲ ಯಾಕೆ? ಫೈಬ್ರೋಯಿನ್ ಫ್ರೀಜ್ ಡ್ರೈ ಮಾಡಿ ಎಚ್‌ಎಫ್‌ಐಪಿ ಅನ್ನುವ ದ್ರಾವಕದಲ್ಲಿ ಕರಗಿಸಿ. ಮಳೆ ಇರಲಿ, ಬಿಸಿಲಿರಲಿ, ಎಳೆ ಬರುತ್ತದೆ. ನಾವು ಕೊಲಾಜೆನ್‌ಗೂ ಅದನ್ನೇ ಬಳಸಿದ್ದು. ಒಂದು ವಾರದಲ್ಲಿ ಚಾಪೆ ಕೈಗೆ ಬರುತ್ತದೆ, ಡಿಸೆಂಬರ್‌ಗೆ ವರದಿ ಅಂದರಲ್ಲ, ಅದಕ್ಕೆ ಹೇಳಿದೆ.


ಯಶವಂತಪುರ ಸಿರಿಂಜ್
ಆಗಸ್ಟ್ 10, ಸಂಜೆ 6:30

ಎಳೆ ಬರುತ್ತದೆ, ಒಪ್ಪುತ್ತೇನೆ ಸರ್. ಆದರೆ ಅದು 58 ಡಿಗ್ರಿಗೇ ಕುದಿಯುವ ದ್ರವ, ಆವಿ ಕಣ್ಣಿಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ಬಿದ್ದರೆ ಸುಡುತ್ತದೆ. ಆವಿಯನ್ನು ಹೊರಗೆ ಎಳೆಯುವ ಸರಿಯಾದ ಫ್ಯೂಮ್ ಹುಡ್ ಇಲ್ಲದ ಕಡೆ ಅದನ್ನು ತೆರೆಯಲೇ ಬಾರದು, ಮತ್ತು ಎಷ್ಟೋ ಕಾಲೇಜುಗಳಲ್ಲಿ ಹುಡ್ ಇದ್ದರೂ ಒಳಗೆ ಎಲೆಕ್ಟ್ರೋಸ್ಪಿನ್ನಿಂಗ್ ಪೆಟ್ಟಿಗೆ ಹಿಡಿಸುವುದಿಲ್ಲ. ಸುಟ್ಟ ಗಾಯಕ್ಕೆ ಅಂತ ಮಾಡುವ ವಸ್ತುವಿನಲ್ಲಿ ಅದರ ಅಂಶ ಉಳಿದಿಲ್ಲ ಅಂತ ತೋರಿಸುವುದು ಇನ್ನೊಂದು ಕೆಲಸ.

ಕೊಲಾಜೆನ್ ಬಗ್ಗೆ ಇನ್ನೂ ಒಂದು ಮಾತು. ಕೊಲಾಜೆನ್‌ನ ಬೆಲೆಯೆಲ್ಲ ಅದರ ಮೂರೆಳೆ ಹೆಣಿಗೆಯಲ್ಲಿದೆ. ಎಚ್‌ಎಫ್‌ಐಪಿಯಲ್ಲಿ ಕರಗಿಸಿ ಸ್ಪಿನ್ ಮಾಡಿದಾಗ ಆ ಹೆಣಿಗೆ ಬಿಚ್ಚಿಹೋಗಿ ಬಹುಪಾಲು ಜೆಲಟಿನ್ ಆಗುತ್ತದೆ ಅಂತ 2008ರಲ್ಲೇ ಅಳತೆ ಮಾಡಿ ತೋರಿಸಿದ್ದಾರೆ. ದುಬಾರಿ ಕೊಲಾಜೆನ್ ತಂದು ಜೆಲಟಿನ್ ಮಾಡುವ ಬದಲು ಜೆಲಟಿನ್‌ನಿಂದಲೇ ಶುರು ಮಾಡಬಹುದು. ರೇಷ್ಮೆಗೆ ನೀರಿನ ದಾರಿ ಇರುವಾಗ ನೀರಿನ ದಾರಿಯಲ್ಲೇ ಹೋಗೋಣ. ನಿಧಾನ, ಆದರೆ ಆಮೇಲೆ ತಲೆನೋವು ಕಡಿಮೆ.


ಮಾಗಡಿ ಕಡೆಯವನು
ಆಗಸ್ಟ್ 10, ರಾತ್ರಿ 9:20

ಹುಡ್ ವಿಷಯ ಸರಿ. ನಮ್ಮಲ್ಲಿ ಇತ್ತು, ಅದಕ್ಕೇ ಸಲೀಸಾಗಿ ಹೇಳಿಬಿಟ್ಟೆ. ಇಲ್ಲದಿದ್ದರೆ ಬೇಡ ಮೇಡಂ. 2008ರದ್ದು ಹುಡುಕಿ ಓದುತ್ತೇನೆ.


ರಾಮನಗರ ಬಾಯ್ಲರ್
ಆಗಸ್ಟ್ 11, ರಾತ್ರಿ 11:10

ತಂಗಿ, ನಮ್ಮದು ರಾಮನಗರದಲ್ಲಿ ರೀಲಿಂಗ್ ಮನೆ, ತಾತನ ಕಾಲದಿಂದ. ನ್ಯಾನೋ ವಿಷಯ ನನಗೆ ಗೊತ್ತಿಲ್ಲ, ಗೂಡು ಗೊತ್ತು, ಕುದಿ ಗೊತ್ತು. ಒಂದೂವರೆ ಗಂಟೆ ಅಂತ ಓದಿ ಜೀವ ಚುರ್ ಅಂದಿತು, ಅದಕ್ಕೆ ಬರೆಯುತ್ತಿದ್ದೇನೆ.

ನಾವು ನೂಲು ತೆಗೆಯುವಾಗ ಗೂಡನ್ನು ಬೇಯಿಸುವುದು ಕೆಲವೇ ನಿಮಿಷ. ಗೋಂದು ಮೆತ್ತಗಾಗಿ ಎಳೆಯ ತುದಿ ಬಿಟ್ಟುಕೊಟ್ಟರೆ ಸಾಕು. ಪೂರ್ತಿ ಗೋಂದು ತೆಗೆಯುವುದು ಆಮೇಲೆ, ಬಣ್ಣ ಹಾಕುವವರ ಹತ್ತಿರ, ಸೋಪು ಸೋಡಾ ಹಾಕಿ. ಅವರಿಗೆ ಒಂದು ಕಿಲೋ ರೇಷ್ಮೆ ಕೊಟ್ಟರೆ ಮುಕ್ಕಾಲು ಕಿಲೋ ವಾಪಸ್ ಬರುತ್ತದೆ. ಅದಕ್ಕಿಂತ ತುಂಬ ಕಡಿಮೆ ಬಂದರೆ ಜಾಸ್ತಿ ಕುದಿಸಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. ಆ ನೂಲು ಮಗ್ಗಕ್ಕೆ ಹಾಕಿದರೆ ಕಡಿಯುತ್ತದೆ, ಮೈಮೇಲೆ ಸಣ್ಣ ಕೂದಲು ಎದ್ದ ಹಾಗೆ ಆಗುತ್ತದೆ. ಮೇಲೆ ಅವರು ಹೇಳಿದ ಸರಪಳಿ ತುಂಡಾಗುವುದು ಅಂದರೆ ಇದೇ ಇರಬೇಕು ಅನ್ನಿಸಿತು.

ಗೂಡು ಯಾವುದು ತಂದಿರಿ ಅಂತ ನೀವು ಬರೆದಿಲ್ಲ. ಬಿಳಿ ಗೂಡು, ಅಂದರೆ ಬೈವೋಲ್ಟೈನ್ ತನ್ನಿ. ಒಳ್ಳೆಯ ಬೈವೋಲ್ಟೈನ್ ಗೂಡಿನ ಎಳೆ ಸಾವಿರ ಮೀಟರ್ ಹತ್ತಿರ ಬರುತ್ತದೆ. ಮಿಶ್ರತಳಿ ಗೂಡು ತಿಳಿ ಹಸಿರು ಹಳದಿ ಇರುತ್ತದೆ. ಬಣ್ಣ ಗೋಂದಿನಲ್ಲೇ ಜಾಸ್ತಿ ಇರುವುದರಿಂದ ಕುದಿಸಿದರೆ ಹೋಗುತ್ತದೆ, ಅದೇನೂ ಕೆಟ್ಟದ್ದಲ್ಲ. ಆದರೆ ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ತಂದರೆ ನಿಮ್ಮ ಲೆಕ್ಕ ಹೊಂದುವುದಿಲ್ಲ. ಒಂದೇ ಲಾಟ್‌ನಲ್ಲಿ ಅರ್ಧ ಕಿಲೋ ತೆಗೆದು ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ವರ್ಷ ಪೂರ್ತಿ ಆಗುತ್ತದೆ.

ಗೂಡು ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ. ಒಣಗಿದ ಗೂಡಿನಲ್ಲಿ ಒಳಗಿನ ಹುಳು ಗಡಗಡ ಅನ್ನಬೇಕು. ಸದ್ದೇ ಬರದಿದ್ದರೆ ಹುಳು ಒಳಗೇ ಕರಗಿ ಅಂಟಿರಬಹುದು. ಕತ್ತರಿಸಿದಾಗ ಒಳಗೆ ಕಂದು ಕರೆ ಇದ್ದರೆ ಆ ಗೂಡು ಬಿಸಾಡಿ, ಅರ್ಧ ಕತ್ತರಿಸಿ ಬಳಸಲು ಹೋಗಬೇಡಿ. ಕರೆಯ ಜೊತೆ ಹುಳುವಿನ ಎಣ್ಣೆ ಇರುತ್ತದೆ, ಕುದಿಸುವಾಗ ವಾಸನೆಯಲ್ಲೇ ಗೊತ್ತಾಗುತ್ತದೆ.

ಮಾರ್ಕೆಟ್‌ನಲ್ಲಿ ಹರಾಜು ಕೂಗುವುದು ಲೈಸೆನ್ಸ್ ಇರುವ ರೀಲರ್‌ಗಳು. ನಿಮ್ಮಂಥವರು ಬೆಳೆಗಾರರ ಹತ್ತಿರ ನೇರ ಕೇಳಿ, ಇಲ್ಲವೇ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ವಿಚಾರಿಸಿ. ತಳಿಯ ಹೆಸರು ಬರೆಸಿಕೊಂಡು ಬನ್ನಿ.

ನೀರು ಕೂಡ ನೋಡಿ. ಬೋರ್ ನೀರಿನಲ್ಲಿ ಸೋಡಾ ಹಾಕಿದರೆ ಬಿಳಿ ಪುಡಿ ಕೂರುತ್ತದೆ, ಅದು ಎಳೆಗೂ ಹತ್ತುತ್ತದೆ. ರೀಲಿಂಗ್‌ಗೆ ಮೆದು ನೀರು ಇದ್ದವನ ನೂಲಿಗೆ ಹೊಳಪೇ ಬೇರೆ.


ಹೆಸರಘಟ್ಟ ರಸ್ತೆ
ಆಗಸ್ಟ್ 12, ಬೆಳಿಗ್ಗೆ 8:00

ಅಣ್ಣಾ, ತುಂಬ ಥ್ಯಾಂಕ್ಸ್. ನಮ್ಮ ಕ್ಯಾಂಪಸ್‌ನದ್ದು ಬೋರ್ ನೀರೇ. ಪಾತ್ರೆಯ ತಳದಲ್ಲಿ ಬಿಳಿ ಪುಡಿ ನೋಡಿ ಸೋಡಾ ಕರಗಿಲ್ಲ ಅಂದುಕೊಂಡಿದ್ದೆ. ಗೂಡು ಕೂಡ ಎರಡು ಕಡೆಯದು ಬೆರೆತಿದೆ. ಎಲ್ಲ ಮೊದಲಿನಿಂದ ಶುರು ಮಾಡುತ್ತೇನೆ.


ಯಶವಂತಪುರ ಸಿರಿಂಜ್
ಆಗಸ್ಟ್ 12, ಬೆಳಿಗ್ಗೆ 9:45

ರಾಮನಗರದ ಅಣ್ಣ ಹೇಳಿದ ನೀರಿನ ಮಾತು ಕುದಿಸುವುದಕ್ಕೆ ಮಾತ್ರ ಅಲ್ಲ. ಕ್ಯಾಲ್ಸಿಯಂ ಇದ್ದರೆ ಫೈಬ್ರೋಯಿನ್ ದ್ರಾವಣ ಬೇಗ ಜೆಲ್ ಆಗುತ್ತದೆ. ಕಾರಿಡಾರಿನ ಫಿಲ್ಟರ್ ನೀರಿನಲ್ಲಿ ಎಷ್ಟು ಉಳಿದಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಡಿಸ್ಟಿಲ್ಡ್ ಅಂದಿದ್ದು. ಮತ್ತೆ ಆ ಅಲ್ಲಾಡಿಸಿ ನೋಡುವ ಪರೀಕ್ಷೆ ನನಗೆ ಗೊತ್ತೇ ಇರಲಿಲ್ಲ, ನಾಳೆಯಿಂದ ನಮ್ಮ ಹುಡುಗರಿಗೂ ಹೇಳಿಕೊಡುತ್ತೇನೆ.


ವಿಜಯನಗರ 4ನೇ ಮೇನ್
ಆಗಸ್ಟ್ 13, ಸಂಜೆ 5:50

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಜೆಲಟಿನ್. ಅಸಿಟಿಕ್ ಆಮ್ಲದಲ್ಲಿ ಎಳೆ ಚೆನ್ನಾಗಿಯೇ ಬರುತ್ತಿದೆ, ಆದರೆ ಚಾಪೆಯನ್ನು ಸೆಲ್ (ಜೀವಕೋಶ) ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಾದಲ್ಲಿ ಹಾಕಿದ ಹತ್ತು ನಿಮಿಷಕ್ಕೆ ಮಾಯ. ಎಳೆ ಗಟ್ಟಿ ಮಾಡಲು ಗ್ಲುಟರಾಲ್ಡಿಹೈಡ್ ಆವಿಯಲ್ಲಿ ಒಂದು ದಿನ ಇಟ್ಟರೆ ಚಾಪೆ ಉಳಿಯುತ್ತದೆ, ಸೆಲ್‌ಗಳು ಸಾಯುತ್ತವೆ. ಏನು ಮಾಡಲಿ?


ಸೆಲ್ ರೂಮಿನಿಂದ
ಆಗಸ್ಟ್ 13, ರಾತ್ರಿ 9:30

ಇಬ್ಬರಿಗೂ ಒಟ್ಟಿಗೆ ಬರೆಯುತ್ತೇನೆ, ಯಾಕೆಂದರೆ ಇಬ್ಬರೂ ಕೊನೆಗೆ ನನ್ನಂಥವರ ಟೇಬಲ್‌ಗೇ ಬರಬೇಕು. ನಾನು ಸೆಲ್ ಕಲ್ಚರ್ ಮಾಡುವವಳು.

ವಿಜಯನಗರದವರಿಗೆ ಮೊದಲು. ಜೆಲಟಿನ್ 37 ಡಿಗ್ರಿ ನೀರಿನಲ್ಲಿ ಕರಗುವುದು ಅದರ ಗುಣ, ಹಾಗಾಗಿ ಕ್ರಾಸ್‌ಲಿಂಕ್, ಅಂದರೆ ಸರಪಳಿಗಳನ್ನು ಒಂದಕ್ಕೊಂದು ಕಟ್ಟುವ ಕೆಲಸ ಮಾಡಲೇಬೇಕು. ಗ್ಲುಟರಾಲ್ಡಿಹೈಡ್ ಬಳಸಿದರೆ ಆಮೇಲೆ ಗ್ಲೈಸಿನ್ ದ್ರಾವಣದಲ್ಲಿ ಚೆನ್ನಾಗಿ ತೊಳೆಯಿರಿ, ಉಳಿದ ಆಲ್ಡಿಹೈಡ್ ಅದಕ್ಕೆ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯದು ಇಡಿಸಿ ಮತ್ತು ಎನ್‌ಎಚ್‌ಎಸ್ ಅನ್ನುವ ರಾಸಾಯನಿಕಗಳ ಜೋಡಿ. ನೀರಿನಲ್ಲಿ ಅಲ್ಲ, 90 ಶೇಕಡ ಎಥನಾಲ್‌ನಲ್ಲಿ ಮಾಡಿ. ನೀರಿನಲ್ಲಿ ಮಾಡಿದರೆ ಕ್ರಾಸ್‌ಲಿಂಕ್ ಆಗುವುದರೊಳಗೆ ಎಳೆ ಊದಿಕೊಂಡು ಅಂಟಿಬಿಡುತ್ತದೆ. ಜೆನಿಪಿನ್ ಕೂಡ ಆಗುತ್ತದೆ, ಸೆಲ್‌ಗೆ ತುಂಬ ಮೃದು, ಆದರೆ ಬೆಲೆ ಜಾಸ್ತಿ, ಮತ್ತು ಚಾಪೆ ನೀಲಿಯಾಗುತ್ತದೆ. ನೀಲಿ ಬಂದರೆ ಗಾಬರಿ ಬೇಡ, ಕ್ರಾಸ್‌ಲಿಂಕ್ ಆಗಿದೆ ಅಂತ ಅರ್ಥ. ಜೆಲಟಿನ್ ದ್ರಾವಣವನ್ನು ಆಮ್ಲದಲ್ಲಿ ದಿನಗಟ್ಟಲೆ ಇಡಬೇಡಿ. ಅದರ ಸರಪಳಿಯೂ ತುಂಡಾಗುತ್ತದೆ. ಅವತ್ತು ಮಾಡಿದ್ದು ಅವತ್ತೇ ಸ್ಪಿನ್ ಮಾಡಿ.

ಈಗ ರೇಷ್ಮೆ. ಹೆಸರಘಟ್ಟ ಮೇಡಂ, ನಿಮ್ಮ ಚಾಪೆ ಹಾಗೆಯೇ ನೀರಿಗೆ ಹಾಕಿದರೆ ಅದೂ ಕರಗುತ್ತದೆ. ಸ್ಪಿನ್ ಆದಾಗ ಫೈಬ್ರೋಯಿನ್ ಅಡ್ಡಾದಿಡ್ಡಿ ಮಡಿಕೆಯಲ್ಲಿರುತ್ತದೆ, ಅದನ್ನು ಬೀಟಾ ಶೀಟ್‌ಗೆ, ಅಂದರೆ ನೀರಿಗೆ ಕರಗದ ಒತ್ತೊತ್ತಾದ ಮಡಿಕೆಗೆ ತರಬೇಕು. 90 ಶೇಕಡ ಮೆಥನಾಲ್‌ನಲ್ಲಿ ಹತ್ತು ನಿಮಿಷ ಸಾಕು. ಮೆಥನಾಲ್ ವಿಷ, ಹುಡ್‌ನಲ್ಲೇ ಮಾಡಿ. ಹುಡ್ ಇಲ್ಲದಿದ್ದರೆ ಡೆಸಿಕೇಟರ್ (ಗಾಳಿಯಾಡದ ಮುಚ್ಚಳದ ಪಾತ್ರೆ) ತಳದಲ್ಲಿ ನೀರಿಟ್ಟು, ಮೇಲೆ ಚಾಪೆ ಇಟ್ಟು, ವ್ಯಾಕ್ಯೂಮ್ ಹಾಕಿ ರಾತ್ರಿಯೆಲ್ಲ ಬಿಡಿ. ನೀರಾವಿಯೂ ಅದೇ ಕೆಲಸ ಮಾಡುತ್ತದೆ. ಆಗಿದೆಯೋ ಇಲ್ಲವೋ ಎಫ್‌ಟಿಐಆರ್ ಅನ್ನುವ ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ನೋಡಿ. ಅಮೈಡ್ ಒಂದು ಅನ್ನುವ ಪ್ರೋಟೀನಿನ ಶಿಖರ 1640-1650ರಲ್ಲಿ ಇದ್ದದ್ದು 1620-1630ರ ಕಡೆ ಜಾರಬೇಕು. ಇದನ್ನು ಮಾಡಿ ಆಮೇಲೆ ಪಿಇಒ ತೊಳೆಯಿರಿ, ಉಲ್ಟಾ ಮಾಡಿದರೆ ಪಿಇಒ ಜೊತೆ ರೇಷ್ಮೆಯೂ ಹೋಗುತ್ತದೆ.

ಸೆಲ್ ಹಾಕುವಾಗ ಎಲ್ಲರೂ ಎಡವುವುದು ಇಲ್ಲಿ. ಚಾಪೆ ತೇಲುತ್ತದೆ. ಸೆಲ್‌ಗಳು ಪ್ಲಾಸ್ಟಿಕ್ ತಳಕ್ಕೆ ಇಳಿದು ಅಲ್ಲಿ ಬೆಳೆಯುತ್ತವೆ. ನೀವು ಅದನ್ನು ಚಾಪೆಯ ಮೇಲಿನ ಬೆಳವಣಿಗೆ ಅಂತ ಬರೆದುಬಿಡುತ್ತೀರಿ. ಒಂದು ಸ್ಟೀಲ್ ರಿಂಗ್ ಇಟ್ಟು ಅದುಮಿ, ಮತ್ತು ಅಳತೆಯ ದಿನ ಚಾಪೆಯನ್ನು ಪ್ಲೇಟಿನ ಹೊಸ ಬಾವಿಗೆ (ಗುಳಿಗೆ) ವರ್ಗಾಯಿಸಿ ಆಮೇಲೆ ಅಳೆಯಿರಿ. ಸೆಲ್ ಇಲ್ಲದ ಬರೀ ಚಾಪೆಯನ್ನೂ ಪಕ್ಕದಲ್ಲಿ ಇಡಿ, ಬದುಕಿರುವ ಸೆಲ್ ಅಳೆಯುವ ಎಂಟಿಟಿ ಬಣ್ಣವನ್ನು ಚಾಪೆ ತಾನೇ ಹೀರಿಕೊಂಡು ಮೋಸ ಮಾಡುವುದುಂಟು.

ಇನ್ನೊಂದು ದೊಡ್ಡ ವಿಷಯ. ನ್ಯಾನೋ ಎಳೆ ತೆಳ್ಳಗಾದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಳೆ ತೆಳ್ಳಗಾದರೆ ಸಂದುಗಳೂ ಚಿಕ್ಕದಾಗುತ್ತವೆ. ಸೆಲ್ ಗಾತ್ರ 10-20 ಮೈಕ್ರಾನ್, ಸಂದು ಕೆಲವೇ ಮೈಕ್ರಾನ್. ಹಾಗಾಗಿ ಸೆಲ್‌ಗಳು ಮೇಲೆ ಹಾಸಿಕೊಂಡು ಬೆಳೆಯುತ್ತವೆ, ಒಳಗೆ ಇಳಿಯುವುದಿಲ್ಲ. ಚರ್ಮದ ಮೇಲ್ಪದರಕ್ಕೆ ಇದು ನಡೆಯುತ್ತದೆ. ಕೆಳಪದರಕ್ಕೆ ನಡೆಯುವುದಿಲ್ಲ. ಒಳಗೆ ಇಳಿಯಬೇಕಾದರೆ ಎರಡನೇ ಸೂಜಿಯಿಂದ ಬರೀ ಪಿಇಒ ಎಳೆ ಸೇರಿಸುತ್ತಾ ಹೋಗಿ, ಆಮೇಲೆ ತೊಳೆದು ಜಾಗ ಖಾಲಿ ಮಾಡುವ ವಿಧಾನ ಇದೆ. ನಿಮ್ಮ ಮೊದಲ ವರದಿಗೆ ಇದು ಬೇಡ, ಆದರೆ ನೀವು ಯಾವ ಪದರಕ್ಕೆ ಮಾಡುತ್ತಿದ್ದೀರಿ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಹಿಪ್ಪುನೇರಳೆ ರೇಷ್ಮೆಯಲ್ಲಿ ಸೆಲ್ ಹಿಡಿದುಕೊಳ್ಳುವ ಆರ್‌ಜಿಡಿ ಅನ್ನುವ ಕೊಂಡಿ ಇಲ್ಲ, ಟಸರ್ ಮೂಗಾ ತರಹದ ಕಾಡು ರೇಷ್ಮೆಯಲ್ಲಿ ಇದೆ. ಆದರೂ ಸೀರಮ್ ಇರುವ ಮೀಡಿಯಾದಲ್ಲಿ ಚಾಪೆಯನ್ನು ರಾತ್ರಿಯೆಲ್ಲ ನೆನೆಸಿಟ್ಟರೆ ಫೈಬ್ರೋಬ್ಲಾಸ್ಟ್ ಅನ್ನುವ ಚರ್ಮದ ಸೆಲ್ ಚೆನ್ನಾಗಿಯೇ ಹಿಡಿಯುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಎಸ್‌ಇಎಂಗೆ ನಿಮ್ಮಲ್ಲಿ ಕಾಯಬೇಕಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರವಾದ ಸೆನ್ಸ್‌ನಲ್ಲಿ ಹೊರಗಿನ ವಿದ್ಯಾರ್ಥಿಗಳಿಗೂ ಅವಕಾಶ ಇದೆ, ಅರ್ಜಿ ಹಾಕಿ. ಮತ್ತು ವರದಿಯಲ್ಲಿ ಇದು ಸುಟ್ಟ ಗಾಯ ವಾಸಿ ಮಾಡುತ್ತದೆ ಅಂತ ಬರೆಯಬೇಡಿ. ಪ್ರಾಣಿ ಪರೀಕ್ಷೆ, 2017ರ ವೈದ್ಯಕೀಯ ಸಾಧನ ನಿಯಮಗಳ ಅನುಮತಿ, ಅದೆಲ್ಲ ದೂರದ ದಾರಿ. ನೀವು ತೋರಿಸಬಹುದಾದದ್ದು ಸೆಲ್‌ಗಳು ಇಲ್ಲಿ ಬದುಕುತ್ತವೆ, ಹರಡುತ್ತವೆ ಅನ್ನುವುದು. ಅದೇ ದೊಡ್ಡ ಕೆಲಸ.


ಹೆಸರಘಟ್ಟ ರಸ್ತೆ
ಸೆಪ್ಟೆಂಬರ್ 14, ರಾತ್ರಿ 11:25

ಎಲ್ಲರಿಗೂ ಹೇಳಬೇಕು, ಅದಕ್ಕೆ ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಎಳೆ ಬಂತು.

ತಲಘಟ್ಟಪುರದಲ್ಲಿ ವಿಚಾರಿಸಿ, ಕನಕಪುರ ಕಡೆಯ ಒಬ್ಬ ಬೆಳೆಗಾರರಿಂದ ಒಂದೇ ಲಾಟ್‌ನ ಬಿಳಿ ಗೂಡು ತಂದೆ. ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಡಿಸ್ಟಿಲ್ಡ್ ನೀರಿನಲ್ಲಿ ಸರಿಯಾಗಿ 30 ನಿಮಿಷ. 5 ಗ್ರಾಂ ಇದ್ದದ್ದು ಒಣಗಿದ ಮೇಲೆ 3.71. ಮೊದಲಿನ ನನ್ನ ಹಳೆಯ ರೇಷ್ಮೆ ಡಬ್ಬಿಯಲ್ಲಿ ಇತ್ತು, ಎರಡನ್ನೂ ಪಕ್ಕ ಪಕ್ಕ ಇಟ್ಟು ಎಳೆದು ನೋಡಿದೆ. ಹಳೆಯದು ಹತ್ತಿ ಹಾಗೆ ಪುಸಕ್ ಅಂತ ಬಿಟ್ಟುಕೊಳ್ಳುತ್ತದೆ. ಹೊಸದು ಬೆರಳು ಕೊಯ್ಯುವ ಹಾಗೆ ಗಟ್ಟಿ. ಎರಡು ತಿಂಗಳು ಇದನ್ನು ಯಾಕೆ ಎಳೆದು ನೋಡಲಿಲ್ಲ ಅಂತ ಬೇಜಾರಾಯಿತು.

ಮೊದಲ ಬ್ಯಾಚ್ ಜೆಲ್ ಆಯಿತು. ಪಿಇಒ ಬೆರೆಯುತ್ತಿಲ್ಲ ಅಂತ ಹತ್ತೇ ನಿಮಿಷ ಸ್ಟಿರರ್ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ಟ್ಯೂಬ್ ತಿರುಗಿಸಿದರೆ ಕದಲಲಿಲ್ಲ, ಗಟ್ಟಿ ಮೊಸರಿನ ಹಾಗೆ ನಿಂತಿತ್ತು. ಎರಡನೇ ಸಲ ಕೈಯಲ್ಲೇ ಮಾಡಿದೆ. ದ್ರಾವಣ 7.4 ಶೇಕಡ ಬಂತು. ಗ್ಲೌಸ್ ಹಾಕಿದ ಎರಡು ಬೆರಳ ನಡುವೆ ಒಂದು ಹನಿ ಇಟ್ಟು ಬಿಡಿಸಿದೆ. ಎಳೆ ಬಂತು, ಎರಡು ಬೆರಳಗಲ ಹೋಗಿ ಕಡಿಯಿತು. ಅವತ್ತು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಪೆಟ್ಟಿಗೆಯ ಹೊರಗೆ ತೇವಾಂಶ 78, ಸಿಲಿಕಾ ಜೆಲ್ ಇಟ್ಟು ಬಾಗಿಲಿಗೆ ಟೇಪ್ ಅಂಟಿಸಿದ ಮೇಲೆ ಒಳಗೆ 44. ಕೋನ್ ನಿಂತಿದ್ದು 14.5 ಕಿಲೋವೋಲ್ಟ್‌ನಲ್ಲಿ. ಟಾರ್ಚ್ ಬೆಳಕಿನಲ್ಲಿ ಆ ಚಾಟಿ ಸುತ್ತಾಟ ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಎಸ್‌ಇಎಂನಲ್ಲಿ ಸರಾಸರಿ 480 ನ್ಯಾನೋಮೀಟರ್, ಮಣಿ ಅಲ್ಲೊಂದು ಇಲ್ಲೊಂದು. ಅದೇ ಹಳೆಯ ಮೆಷಿನ್.

ಫಾಯಿಲ್‌ನಿಂದ ಬಿಡಿಸಿದಾಗ ಈರುಳ್ಳಿಯ ಪದರಗಳ ನಡುವಿನ ತೆಳು ಪೊರೆ ಹಾಗಿತ್ತು. ಮೆಥನಾಲ್‌ಗೆ ಹಾಕಿದ ತಕ್ಷಣ ಅಂಚು ಮುದುಡಿ ಚಿಕ್ಕದಾಯಿತು, ಮುಂದಿನದಕ್ಕೆ ನಾಲ್ಕು ಕಡೆ ಕ್ಲಿಪ್ ಹಾಕಿದೆ, ಸರಿಹೋಯಿತು. ಗೈಡ್ ಪಿಇಒ ತೊಳೆಯುವ ಮಾತಿಗೆ ಒಪ್ಪಿದರು, ತೊಳೆಯುವ ಮೊದಲು ಮತ್ತು ಆಮೇಲೆ ತೂಕ ಬರೆದಿಡಲು ಹೇಳಿದರು. ನಾನು ಚರ್ಮದ ಮೇಲ್ಪದರಕ್ಕೆ ಅಂತಲೇ ತೀರ್ಮಾನ ಮಾಡಿದ್ದೇನೆ.

ನಿನ್ನೆ ಒಂದು ತುಂಡನ್ನು ಸಲೈನ್‌ನಲ್ಲಿ ನೆನೆಸಿ, ಒದ್ದೆ ಜೆಲಟಿನ್ ಹಾಳೆಯ ಮೇಲೆ ಹಾಸಿ, ಒಂದು ದಿನ ಬಿಟ್ಟು ಇಕ್ಕಳದಲ್ಲಿ ಎತ್ತಿದೆ. ಹರಿಯದೆ ಪೂರ್ತಿ ಬಂತು, ಕೆಳಗಿನ ಹಾಳೆಯನ್ನು ಕಿತ್ತುಕೊಂಡು ಬರಲಿಲ್ಲ. ಪಕ್ಕದಲ್ಲಿ ಇಟ್ಟಿದ್ದ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ತುಂಡು ಜೆಲಟಿನ್ ಸಮೇತ ಎದ್ದು ಬಂತು. ಇದು ಗಾಯ ಅಲ್ಲ, ಗೊತ್ತು.

ಫೈಬ್ರೋಬ್ಲಾಸ್ಟ್ ಸೋಮವಾರ ಹಾಕುತ್ತಿದ್ದೇನೆ. ಸೆಲ್ ರೂಮಿನ ಅಕ್ಕ, ಸೂಕ್ಷ್ಮಾಣು ಸಾಯಲು ಸ್ಟೀಲ್ ರಿಂಗನ್ನು ಆಟೋಕ್ಲೇವ್ ಮಾಡಿ, ಚಾಪೆಯನ್ನು ಮಾತ್ರ 70 ಶೇಕಡ ಎಥನಾಲ್‌ನಲ್ಲಿ ಇಟ್ಟರೆ ಸಾಕಾ, ಅಥವಾ ಯುವಿ ಬೆಳಕು ಕೂಡ ಬೇಕಾ?


ಸೆಲ್ ರೂಮಿನಿಂದ
ಸೆಪ್ಟೆಂಬರ್ 15, ಬೆಳಿಗ್ಗೆ 6:50

ರಿಂಗ್ ಆಟೋಕ್ಲೇವ್, ಚಾಪೆ ಎಥನಾಲ್‌ನಲ್ಲಿ ಒಂದು ಗಂಟೆ. ಆಮೇಲೆ ಸ್ಟೆರೈಲ್ ಪಿಬಿಎಸ್ ಉಪ್ಪು ದ್ರಾವಣದಲ್ಲಿ ಮೂರು ಸಲ ತೊಳೆಯಿರಿ, ಎಥನಾಲ್ ವಾಸನೆ ಪೂರ್ತಿ ಹೋಗಬೇಕು. ಯುವಿ ಬೇಕಾದರೆ ಎರಡೂ ಬದಿ ಹಾಕಿ, ಒಂದೇ ಬದಿ ಹಾಕಿದರೆ ಕೆಳಗಿನದ್ದು ಹಾಗೇ ಉಳಿಯುತ್ತದೆ. ಭಾನುವಾರ ರಾತ್ರಿಯೇ ಸೀರಮ್ ಮೀಡಿಯಾದಲ್ಲಿ ನೆನೆಸಿಡಿ. ಸೆಲ್ ಹಾಕುವಾಗ ಬಾವಿ ತುಂಬ ಮೀಡಿಯಾ ಸುರಿಯಬೇಡಿ. ಚಿಕ್ಕ ಹನಿಯಲ್ಲಿ ಸೆಲ್ ತೆಗೆದುಕೊಂಡು ಚಾಪೆಯ ನಡುವೆ ಬಿಡಿ, ಎರಡು ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಹಿಡಿಯಲು ಬಿಡಿ, ಆಮೇಲೆ ನಿಧಾನ ಅಂಚಿನಿಂದ ಮೀಡಿಯಾ ತುಂಬಿ. ಆ 44 ಶೇಕಡ ತೇವಾಂಶದಲ್ಲಿ ತೆಗೆದ ಚಾಪೆಯನ್ನೇ ಬಳಸಿ, ಬೇರೆ ದಿನದ್ದು ಬೆರೆಸಬೇಡಿ. ಗುರುವಾರದ ಫೋಟೋ ಇಲ್ಲೇ ಹಾಕಿ, ರಾಮನಗರದ ಅಣ್ಣನೂ ನೋಡಲಿ.